ಜಿಪ್ಸಿಗೆ ಎರಡು ಮೀಟರ್: ಮುಳ್ಳು ಸುಳ್ಳು ಹೇಳಿದ ಎರಡು ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಮೂಡಿಗೆರೆ ಹತ್ತಿರ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಜೊತೆಗೆ 1998ರ ಒಂದು ಜಿಪ್ಸಿ ಕಿಂಗ್ ಇದೆ. ಕಾರ್ಬೊರೇಟರ್ ಗಾಡಿ, 1.3 ಲೀಟರ್ ಎಂಜಿನ್. ಇದಕ್ಕೆ ಹೊರಗಿನಿಂದ ತಂದ ಎರಡು ಮೀಟರ್, ಎಂಜಿನ್ ನೀರಿನ ಟೆಂಪರೇಚರ್ ಮೀಟರ್ ಮತ್ತು ಆಯಿಲ್ ಪ್ರೆಶರ್ ಮೀಟರ್, ಹಾಕಿದ ಕಥೆ ಇದು. ಹಾಕುವುದು ಎರಡು ಭಾನುವಾರದ ಕೆಲಸ. ಹಾಕಿದ ಮೇಲೆ ಮುಳ್ಳು ಹೇಳುವುದನ್ನು ಎಷ್ಟು ನಂಬಬೇಕು ಅಂತ ಗೊತ್ತಾಗಲು ಎರಡು ತಿಂಗಳು ಹಿಡಿಯಿತು.

ಯಾಕೆ ಬೇಕಾಯಿತು ಅಂದರೆ, 2024ರ ಬೇಸಿಗೆಯಲ್ಲಿ ಉಜಿರೆಯಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ರೇಡಿಯೇಟರಿನ ಕೆಳಗಿನ ಹೋಸ್ ಸೀಳಿತು. ನನಗೆ ಗೊತ್ತಾಗಲಿಲ್ಲ. ಕಂಪನಿ ಮೀಟರಿನ ಮುಳ್ಳು ಸ್ವಲ್ಪ ಮೇಲೆ ಹೋಯಿತು, ಆಮೇಲೆ ನಿಧಾನಕ್ಕೆ ಕೆಳಗೆ ಬಂತು. ಗಾಳಿ ತಂಪಾಗಿದೆ, ಎಂಜಿನ್ನೂ ತಂಪಾಯಿತು ಅಂತ ಖುಷಿಯಲ್ಲಿ ಎರಡನೇ ಗೇರಿನಲ್ಲಿ ಇನ್ನೂ ಒತ್ತಿದೆ. ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿನ್ನುವ ಯೋಚನೆ ಬೇರೆ. ಎರಡು ತಿರುವು ಆದಮೇಲೆ ಎಳೆತ ಹೋಯಿತು, ಸುಟ್ಟ ವಾಸನೆ ಬಂತು. ಹೆಡ್ ಗ್ಯಾಸ್ಕೆಟ್ ಹೋಗಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಬೆಂಡ್ ಆಗಿತ್ತು. ಹೆಡ್ ಸಮತಟ್ಟು ಮಾಡುವ ಫೇಸಿಂಗ್, ಗ್ಯಾಸ್ಕೆಟ್, ಕೂಲಿ, ಗಾಡಿ ಎಳೆಸಿದ್ದು ಎಲ್ಲ ಸೇರಿ 14,500 ರೂಪಾಯಿ.

ಮುಳ್ಳು ಕೆಳಗಿತ್ತಲ್ಲ ಅಂತ ನಮ್ಮ ಮೆಕ್ಯಾನಿಕ್ ಸಾಯ್ಬ್ರ ಹತ್ತಿರ ವಾದ ಮಾಡಿದೆ. ಅವರು ನಕ್ಕುಬಿಟ್ಟರು. "ಎಂತ ಮಾರಾಯ್ರೆ, ನೀರೇ ಇಲ್ಲದ ಮೇಲೆ ಅದು ಯಾವ ನೀರಿನ ಬಿಸಿ ತೋರಿಸಬೇಕು?" ಸೆಂಡರ್, ಅಂದರೆ ಬಿಸಿ ಅಳೆದು ಮೀಟರಿಗೆ ತಿಳಿಸುವ ತುಂಡು, ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದರ ಲೆಕ್ಕ ಸರಿ. ಗಾಳಿಯಲ್ಲಿ ನೇತಾಡುತ್ತಿದ್ದರೆ ಹೆಡ್ ಬೆಂದು ಹೋದರೂ ಮುಳ್ಳು ಕೆಳಗೇ.

ಹೊಸ ಮೀಟರ್ ಹಾಕಿದರೂ ಇದು ಬದಲಾಗುವುದಿಲ್ಲ. ಆದರೆ ಅದರಲ್ಲಿ ನಂಬರ್ ಇರುತ್ತದೆ. 85 ಇದ್ದದ್ದು 97 ಆಗಿದ್ದು ಕಾಣುತ್ತದೆ, ಏರು ಹತ್ತುವಾಗ 70ಕ್ಕೆ ಬಿದ್ದರೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ. ಆಯಿಲ್ ಕಡೆಯಂತೂ ಕಂಪನಿಯವರು ಕೊಟ್ಟದ್ದು ಒಂದು ಕೆಂಪು ದೀಪ ಮಾತ್ರ. ಆ ದೀಪದ ಸ್ವಿಚ್ ಸಾಮಾನ್ಯವಾಗಿ ಪ್ರೆಶರ್ 3ರಿಂದ 7 ಪಿಎಸ್‌ಐ ಒಳಗೆ ಬಿದ್ದಾಗ ಹತ್ತುವಂಥದ್ದು. ಘಾಟಿಯಲ್ಲಿ ಎಂಜಿನ್ ಒತ್ತಿ ಓಡಿಸುವಾಗ ಅದು ಹತ್ತುವಷ್ಟರಲ್ಲಿ ಬೇರಿಂಗ್ ಕಥೆ ಮುಗಿದಿರುತ್ತದೆ.

ನವೆಂಬರ್ 9, ಶನಿವಾರ. ಸಾಮಾನು

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದವನು ಜೆಸಿ ರೋಡಿನಲ್ಲಿ ಅರ್ಧ ದಿನ ಸುತ್ತಿದೆ. ಟೆಂಪರೇಚರ್ ಮೀಟರ್, 40ರಿಂದ 120 ಡಿಗ್ರಿ, 52 ಎಂಎಂ, ಸೆಂಡರ್ ಸಮೇತ 1,850. ಆಯಿಲ್ ಪ್ರೆಶರ್ ಮೀಟರ್, 0ಯಿಂದ 80 ಪಿಎಸ್‌ಐ, ಸೆಂಡರ್ ಸಮೇತ 2,100. ರೇಡಿಯೇಟರ್ ಹೋಸ್ ನಡುವೆ ಹಾಕುವ ಅಲ್ಯುಮಿನಿಯಂ ಅಡಾಪ್ಟರ್ 450. ಹಿತ್ತಾಳೆ ಟಿ (ಮೂರು ಬಾಯಿಯ ಜೋಡಣೆ) 180. ವೈರ್, ಲಗ್, ಫ್ಯೂಸ್ ಹೋಲ್ಡರ್ 390. ಒಟ್ಟು 4,970.

ಒಂದು ಅಂಗಡಿಯಲ್ಲಿ ಸೆಂಡರ್ ಇಲ್ಲದ ಮೀಟರ್ ಕಡಿಮೆಗೆ ಕೊಡುತ್ತೇವೆ, ಯಾವ ಸೆಂಡರ್ ಹಾಕಿದರೂ ಆಗುತ್ತೆ ಅಂದರು. ಆಗುವುದಿಲ್ಲ. ನನ್ನದು ವಿಡಿಓ (VDO) ಅನ್ನುವ ಕಂಪನಿಯ ಮಾದರಿ. ಸೆಂಡರ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವುದರ ಮೇಲೆ ಮುಳ್ಳು ಓಡುತ್ತದೆ, ಆ ತಡೆಯ ಲೆಕ್ಕ ಓಮ್. ಪ್ರೆಶರ್ ಸೊನ್ನೆ ಇದ್ದಾಗ ಸೆಂಡರ್ 10 ಓಮ್, ತುಂಬಾ ಇದ್ದಾಗ ಸುಮಾರು 180. ಅಮೆರಿಕನ್ ಮಾದರಿಯದು 240ರಿಂದ 33ಕ್ಕೆ ಇಳಿಯುವಂಥದ್ದು, ಅಂದರೆ ಪೂರ್ತಿ ಉಲ್ಟಾ. ಎಂಜಿನ್ ಆಫ್ ಇದ್ದಾಗ ಮುಳ್ಳು ಮೇಲೆ, ಸ್ಟಾರ್ಟ್ ಮಾಡಿದರೆ ಕೆಳಗೆ! ಮೀಟರ್ ಮತ್ತು ಸೆಂಡರ್ ಜೋಡಿಯಾಗಿಯೇ ತಗೊಳ್ಳಿ.

ನವೆಂಬರ್ 10, ಭಾನುವಾರ. ಅಡುಗೆಮನೆ ಪರೀಕ್ಷೆ

ಗಾಡಿಗೆ ಹಾಕುವ ಮೊದಲು ಟೆಂಪರೇಚರ್ ಮೀಟರನ್ನು ಹಳೆ ಬ್ಯಾಟರಿಗೆ ಕೊಟ್ಟು, ಸೆಂಡರನ್ನು ಕುದಿಯುವ ನೀರಿಗೆ ಬಿಟ್ಟೆ. ಹಾಲಿನ ಪಾತ್ರೆ ಮುಟ್ಟಬೇಡಿ ಅಂತ ಮನೆಯಲ್ಲಿ ಎಚ್ಚರಿಕೆ ಸಿಕ್ಕಿದ್ದರಿಂದ ದನದ ಬೂಸಾ ಬೇಯಿಸುವ ಪಾತ್ರೆ. ಸೆಂಡರಿನ ಮೈಗೆ ಬ್ಯಾಟರಿ ನೆಗೆಟಿವ್ ವೈರ್ ಸುತ್ತಿ, ತುದಿಯ ಪಿನ್ನಿಗೆ ಮೀಟರ್ ವೈರ್ ಕೊಟ್ಟದ್ದು, ಅಷ್ಟೇ. ನೀರು ಕೊತಕೊತ ಕುದಿಯುತ್ತಿದೆ, ಮುಳ್ಳು 97ರಲ್ಲಿ ನಿಂತಿದೆ. 100 ಮುಟ್ಟುತ್ತಲೇ ಇಲ್ಲ.

ಮೀಟರ್ ಡಿಫೆಕ್ಟು, ವಾಪಸ್ ಕಳಿಸಬೇಕು ಅಂತ ಅಂಗಡಿಗೆ ಫೋನ್ ಮಾಡಿ ಜಗಳ ತೆಗೆಯುವುದರಲ್ಲಿದ್ದೆ. ಪಿಯುಸಿ ಓದುವ ಮಗಳು ಬಂದು ನೋಡಿ, "ಅಪ್ಪಾ, ನಾವಿರೋದು ಘಟ್ಟದ ಮೇಲೆ, ಇಲ್ಲಿ ನೀರು 100ಕ್ಕೆ ಕುದಿಯಲ್ಲ" ಅಂದಳು. ಹೌದಲ್ವಾ! ಸುಮಾರು 300 ಮೀಟರ್ ಎತ್ತರಕ್ಕೆ ಒಂದು ಡಿಗ್ರಿ ಕಡಿಮೆ. ನಮ್ಮ ಎತ್ತರಕ್ಕೆ 97 ಸರಿಯಾದ ಲೆಕ್ಕವೇ. ಮೀಟರ್ ಸರಿ ಇತ್ತು, ನಾನು ತಪ್ಪು. ಮಲ್ಟಿಮೀಟರಿನಲ್ಲೂ ನೋಡಿ ಬರೆದಿಟ್ಟುಕೊಂಡೆ: ತಣ್ಣಗಿದ್ದಾಗ 500 ಓಮ್ ಮೀರಿ, ಕುದಿಯುವ ನೀರಿನಲ್ಲಿ 42. ಈ ಎರಡು ನಂಬರ್ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ನವೆಂಬರ್ 16–17. ಥ್ರೆಡ್ ಗಲಾಟೆ

ಆಯಿಲ್ ಫಿಲ್ಟರ್ ಹತ್ತಿರ ಇರುವ ಕೆಂಪು ದೀಪದ ಸ್ವಿಚ್ ಬಿಚ್ಚಿ, ಅಲ್ಲಿ ಟಿ ಹಾಕಿ, ಒಂದು ಕಡೆ ಹಳೆ ಸ್ವಿಚ್, ಇನ್ನೊಂದು ಕಡೆ ಹೊಸ ಸೆಂಡರ್. ಇದು ಪ್ಲಾನ್. ದೀಪ ತೆಗೆಯಬಾರದು, ಮೀಟರ್ ಕೆಟ್ಟರೂ ಅದೊಂದು ಇರಲಿ.

ಟಿ ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದು ಬಿಗಿಯಾಯಿತು. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಒತ್ತಿದೆ. ಇಲ್ಲೇ ನಿಲ್ಲಿಸಿದ್ದು ನನ್ನ ಪುಣ್ಯ. ಬಿಚ್ಚಿ ನೋಡಿದರೆ ಥ್ರೆಡ್ ತುದಿಯಲ್ಲಿ ಬೆಳ್ಳಗೆ ಅಲ್ಯುಮಿನಿಯಂ ಪುಡಿ. ಜಿಪ್ಸಿ ಕಿಂಗ್ ಬ್ಲಾಕ್ ಅಲ್ಯುಮಿನಿಯಂ, ಹಿತ್ತಾಳೆ ಅದನ್ನು ಆರಾಮಾಗಿ ತಿಂದುಹಾಕುತ್ತದೆ.

ವಿಷಯ ಏನೆಂದರೆ ಜಪಾನ್ ಮೂಲದ ಎಂಜಿನ್‌ಗಳಲ್ಲಿ ಈ ತೂತಿನ ಥ್ರೆಡ್ ಅಳತೆ ಹೆಚ್ಚಾಗಿ 1/8 ಬಿಎಸ್‌ಪಿಟಿ, ಇಂಚಿಗೆ 28 ಥ್ರೆಡ್. ನಾನು ತಂದ ಟಿ ಇನ್ನೊಂದು ಅಳತೆಯದು, 1/8 ಎನ್‌ಪಿಟಿ, ಇಂಚಿಗೆ 27. ಕಣ್ಣಿಗೆ ಎರಡೂ ಒಂದೇ ಥರ. ಮೊದಲೆರಡು ಸುತ್ತು ಕೂರುತ್ತದೆ ಬೇರೆ, ಅದೇ ಮೋಸ. ಪಿಚ್ ಗೇಜ್ ಇಟ್ಟು ನೋಡಿದ್ದರೆ ಒಂದು ನಿಮಿಷದ ಕೆಲಸ. ಮರುವಾರ ಚಿಕ್ಕಮಗಳೂರಿನ ಒಂದು ಲೇತ್ ಅಂಗಡಿಯಲ್ಲಿ ಒಂದು ಕಡೆ ಬಿಎಸ್‌ಪಿಟಿ ಗಂಡು, ಇನ್ನೊಂದು ಕಡೆ ಎನ್‌ಪಿಟಿ ಹೆಣ್ಣು ಇರುವ ತುಂಡು ಮಾಡಿಸಿದೆ. 250 ರೂಪಾಯಿ. ತೂತಿನೊಳಗಿನ ಪುಡಿಯನ್ನು ಗ್ರೀಸ್ ಸವರಿದ ಕಡ್ಡಿಯಲ್ಲಿ ತೆಗೆದೆ.

ನೀರಿನ ಕಡೆ, ಮೇಲಿನ ರೇಡಿಯೇಟರ್ ಹೋಸ್ ಕತ್ತರಿಸಿ ಅಡಾಪ್ಟರ್ ಕೂರಿಸಿದೆ. ಮೊದಲು ತಂದದ್ದು ಒಂದು ಸೈಜ್ ಸಣ್ಣದಾಗಿತ್ತು, ಕ್ಲಿಪ್ ಎಷ್ಟು ಬಿಗಿದರೂ ಹನಿ ನಿಲ್ಲಲಿಲ್ಲ. ಅಂದಾಜಿನ ಮೇಲೆ ತರಬೇಡಿ, ಹೋಸ್ ಕೂರುವ ಮೂತಿಗೆ ವರ್ನಿಯರ್ ಇಟ್ಟು ಅಳೆಯಿರಿ. ಬದಲಾಯಿಸಿ ಹಾಕಿ, ನೀರು ತುಂಬಿಸಿ, ಸ್ಟಾರ್ಟ್ ಮಾಡಿದೆ. ಟೆಂಪರೇಚರ್ ಮುಳ್ಳು ಅಲುಗಾಡಲೇ ಇಲ್ಲ.

ಒಂದೇ ವೈರಿನ ಸೆಂಡರ್‌ಗೆ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಗುವುದು ಅದರ ಮೈಯಿಂದ. ನನ್ನ ಅಡಾಪ್ಟರ್ ಎರಡೂ ಕಡೆ ರಬ್ಬರ್ ಹೋಸಿನ ನಡುವೆ ಕೂತಿದೆ. ಅರ್ಥ್ ಎಲ್ಲಿಂದ ಬರಬೇಕು? ಅಡಾಪ್ಟರಿಗೆ ಒಂದು ಸಣ್ಣ ಸ್ಕ್ರೂ ಹಾಕಿ ಎಂಜಿನ್‌ಗೆ ವೈರ್ ಎಳೆದೆ. ಆಗಲೂ ಮುಳ್ಳು ಕುಣಿಯುತ್ತಿತ್ತು. ಅಡಾಪ್ಟರಿನ ಮೇಲಿನ ಚೆಂದದ ಕೆಂಪು ಬಣ್ಣ ಇದೆಯಲ್ಲ, ಆನೊಡೈಸಿಂಗ್, ಅದು ಕರೆಂಟ್ ಬಿಡುವುದಿಲ್ಲ. ಲಗ್ ಕೂರುವ ಜಾಗದಲ್ಲಿ ಕೆರೆದು ಬಿಳಿ ಲೋಹ ಕಾಣಿಸಿದ ಮೇಲೆ ಮುಳ್ಳು ನೆಟ್ಟಗಾಯಿತು.

ನವೆಂಬರ್ 24. ಎಲ್ಲ ಚೆನ್ನಾಗಿದೆ ಅನ್ನಿಸಿದ ದಿನ

ಬಣಕಲ್ ತನಕ ಹೋಗಿಬಂದೆ. ನೀರು 78 ಡಿಗ್ರಿ. ಬಿಸಿ ಎಂಜಿನ್, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಆಯಿಲ್ 20 ಪಿಎಸ್‌ಐ. 26 ವರ್ಷದ ಎಂಜಿನ್ ಇಷ್ಟು ಚೆನ್ನಾಗಿದೆಯಲ್ಲ ಅಂತ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದೆ.

ರಾತ್ರಿ ಮಲಗಿದಾಗ ತಲೆಗೆ ಬಂತು. ಹೆಡ್ ಕೆಲಸ ಮಾಡಿಸಿದಾಗ ಹಾಕಿಸಿದ್ದು 82 ಡಿಗ್ರಿಗೆ ತೆರೆಯುವ ಹೊಸ ಥರ್ಮೋಸ್ಟಾಟ್. ಅದು ತೆರೆದರೆ ತಾನೇ ಮೇಲಿನ ಹೋಸಿಗೆ ಬಿಸಿ ನೀರು ಬರುವುದು? ಹಾಗಾದರೆ ದಾರಿಯುದ್ದಕ್ಕೂ 78 ಹೇಗೆ? ಬೆಳಿಗ್ಗೆ ಎದ್ದು ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿದೆ. ಆಯಿಲ್ ಮುಳ್ಳು 7ರಲ್ಲಿ ಕೂತಿದೆ. ನಿಂತ ಎಂಜಿನ್‌ಗೆ 7 ಪಿಎಸ್‌ಐ ಎಲ್ಲಿಂದ ಬರಬೇಕು?

ತಪ್ಪು ನನ್ನದೇ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಎರಡೂ ಸೆಂಡರಿಗೆ ಐದೈದು ಸುತ್ತು ಸುತ್ತಿದ್ದೆ. ಲೀಕ್ ಆಗಬಾರದು ಅಂತ. ಸೆಂಡರಿನ ಮೈಗೂ ಎಂಜಿನ್‌ಗೂ ನಡುವೆ ಅಳೆದರೆ ಹತ್ತಿರ ಹತ್ತಿರ 15 ಓಮ್. ಇರಬೇಕಾದ್ದು ಸೊನ್ನೆ.

ಈ 15 ಓಮ್ ಏನು ಮಾಡುತ್ತದೆ ನೋಡಿ. ಟೆಂಪರೇಚರ್ ಸೆಂಡರಿನಲ್ಲಿ ಬಿಸಿ ಜಾಸ್ತಿಯಾದಷ್ಟೂ ಓಮ್ ಕಡಿಮೆ. ಆದ್ದರಿಂದ 15 ಹೆಚ್ಚಿಗೆ ಸೇರಿದರೆ ಮೀಟರ್ ತಂಪು ಅಂದುಕೊಳ್ಳುತ್ತದೆ, 90 ಡಿಗ್ರಿಯ ಹತ್ತಿರ ಎಂಟೊಂಬತ್ತು ಡಿಗ್ರಿ ಕಡಿಮೆ ತೋರಿಸುತ್ತದೆ. ಆಯಿಲ್ ಸೆಂಡರಿನಲ್ಲಿ ಪ್ರೆಶರ್ ಜಾಸ್ತಿಯಾದಷ್ಟೂ ಓಮ್ ಜಾಸ್ತಿ. ಅಲ್ಲಿ 15 ಸೇರಿದರೆ 7 ಪಿಎಸ್‌ಐ ಜಾಸ್ತಿ. ಅಂದರೆ ಒಂದೇ ತಪ್ಪು, ಎರಡೂ ಮುಳ್ಳು ನನಗೆ ಖುಷಿಯಾಗುವ ಕಡೆಗೇ ಸುಳ್ಳು ಹೇಳಿದವು. ಕೆಟ್ಟ ಸುದ್ದಿ ತೋರಿಸಿದ್ದರೆ ಅವತ್ತೇ ಹುಡುಕುತ್ತಿದ್ದೆ, ಒಳ್ಳೆಯದು ತೋರಿಸಿದ್ದಕ್ಕೆ ಫೋಟೋ ತೆಗೆದೆ.

ಟೇಪ್ ಬಿಚ್ಚಿ ಬಿಸಾಡಿದೆ. ತುದಿಗೆ ಸಣ್ಣದಾಗುತ್ತಾ ಹೋಗುವ ಟೇಪರ್ ಥ್ರೆಡ್ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ತುದಿಯ ಎರಡು ಸುತ್ತು ಬಿಟ್ಟು ಉಳಿದದ್ದಕ್ಕೆ ತೆಳ್ಳಗೆ ಥ್ರೆಡ್ ಸೀಲೆಂಟ್ ಸವರಿ, ಬಿಗಿ ಮಾಡಿ, ಮತ್ತೆ ಅಳೆದೆ. ಸೊನ್ನೆ ಪಾಯಿಂಟ್ ಚಿಲ್ಲರೆ. ಈಗ ಅದೇ ದಾರಿ, ಅದೇ ಸ್ಪೀಡ್: ನೀರು 86, ಬಿಸಿ ಐಡಲ್ 13. ಒಂದೇ ದಿನದಲ್ಲಿ ಗಾಡಿಗೆ ವಯಸ್ಸಾದ ಹಾಗೆ ಅನ್ನಿಸಿತು. ಸಾಯ್ಬ್ರ ಹತ್ತಿರ ಟ್ಯೂಬಿನಲ್ಲಿ ಆಯಿಲ್ಲೇ ಬಂದು ಮುಳ್ಳು ಎತ್ತುವ ಮೆಕ್ಯಾನಿಕಲ್ ಗೇಜ್ ಇದೆ. ಅದನ್ನು ಹಾಕಿ ನೋಡಿದರು, 12 ತೋರಿಸಿತು. ಒಂದು ಪಿಎಸ್‌ಐ ವ್ಯತ್ಯಾಸ ಇರಲಿ ಬಿಡಿ.

ಡಿಸೆಂಬರ್ 1. ಹೆಡ್‌ಲೈಟ್ ಹಾಕಿದರೆ ಎಂಜಿನ್ ಬಿಸಿ!

ಸಂಜೆ ಸಂತೆಯಿಂದ ಬರುವಾಗ ಹೆಡ್‌ಲೈಟ್ ಹಾಕಿದ ಕೂಡಲೇ ನೀರು 86ರಿಂದ 92ಕ್ಕೆ, ಆಯಿಲ್ 44ರಿಂದ 39ಕ್ಕೆ. ಲೈಟ್ ಆಫ್ ಮಾಡಿದರೆ ಎರಡೂ ವಾಪಸ್. ಹೆಡ್‌ಲೈಟಿಗೂ ರೇಡಿಯೇಟರಿಗೂ ಏನು ಸಂಬಂಧ? ನೀರು ಅಷ್ಟು ಬೇಗ ಆರು ಡಿಗ್ರಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮುಳ್ಳು ಟಕ್ ಅಂತ ಹಾರಿದರೆ ಅದು ವೈರಿಂಗ್, ನಿಧಾನಕ್ಕೆ ತೆವಳಿದರೆ ಎಂಜಿನ್.

ಮತ್ತೆ ಅರ್ಥ್. ಈ ಸಲ ಮೀಟರಿನ ಕಡೆಯದು. ಡ್ಯಾಶ್ ಹಿಂದೆ ಕೈಗೆ ಸಿಕ್ಕಿದ ಒಂದು ಕಪ್ಪು ವೈರಿಗೆ ಜೋಡಿಸಿದ್ದೆ. ಅದೇ ವೈರಿನಲ್ಲಿ ಲೈಟ್ ಸ್ವಿಚ್ಚು, ಟೇಪ್ ರೆಕಾರ್ಡರ್ ಎಲ್ಲದರ ಕರೆಂಟೂ ವಾಪಸ್ ಹೋಗುತ್ತದೆ. ಲೈಟ್ ಹಾಕಿ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್, ಇನ್ನೊಂದು ಮೀಟರಿನ ಅರ್ಥ್ ಪಿನ್ನಿಗೆ ಇಟ್ಟರೆ 0.4 ವೋಲ್ಟ್. ಮೀಟರುಗಳಿಗೆ ಬೇರೆಯೇ ಒಂದು ಅರ್ಥ್ ವೈರ್ ಎಂಜಿನ್ ಬ್ಲಾಕಿನ ತನಕ ಎಳೆದೆ, ಬಾಡಿಗೂ ಎಂಜಿನ್‌ಗೂ ಇರುವ ಹಸಿರು ಹಿಡಿದ ಹಳೆ ಪಟ್ಟಿಯನ್ನೂ ಬದಲಾಯಿಸಿದೆ. 220 ರೂಪಾಯಿ. ಈಗ 0.05 ವೋಲ್ಟ್. ಲೈಟ್ ಹಾಕಿದರೆ ಮುಳ್ಳು ಮಿಸುಕುವುದಿಲ್ಲ.

ಡಿಸೆಂಬರ್ 15. ಕಣದಲ್ಲಿ ಕಲೆ

ಕಾಫಿ ಕುಯ್ಲಿನ ಸಮಯ. ಕಣದ ಮೂಲೆಯಲ್ಲಿ ಗಾಡಿ ನಿಲ್ಲಿಸಿದ್ದೆ, ಬೆಳಿಗ್ಗೆ ನೋಡಿದರೆ ಊಟದ ತಟ್ಟೆಯಷ್ಟು ಅಗಲದ ಆಯಿಲ್ ಕಲೆ. ಹಣ್ಣು ಹರಡುವ ಜಾಗದಲ್ಲಿ ಆಯಿಲ್! ಮನೆಯಲ್ಲಿ ಏನೇನು ಕೇಳಿಸಿಕೊಂಡೆ ಅಂತ ಇಲ್ಲಿ ಬರೆಯುವುದಿಲ್ಲ.

ಲೇತ್ ತುಂಡು ಮತ್ತು ಟಿ ಸೇರುವ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು. ಆಯಿಲ್ ಸೆಂಡರ್ ಒಂದು ಸಣ್ಣ ಡಬ್ಬಿಯಷ್ಟು ದಪ್ಪ, ಭಾರ. ಅದನ್ನು ಹಿತ್ತಾಳೆ ತುಂಡಿನ ತುದಿಗೆ ನೇತುಹಾಕಿ ಎಸ್ಟೇಟ್ ರಸ್ತೆಯಲ್ಲಿ ಕುಣಿಸಿದರೆ ಇನ್ನೇನಾಗುತ್ತದೆ? ದಾರಿಯಲ್ಲಿ ಪೂರ್ತಿ ಮುರಿದಿದ್ದರೆ ಇದ್ದ ಆಯಿಲ್ಲನ್ನೆಲ್ಲ ಪಂಪೇ ರಸ್ತೆಗೆ ಚೆಲ್ಲಿಬಿಡುತ್ತಿತ್ತು. ಎಂಜಿನ್ ಉಳಿಸಲು ಹಾಕಿದ ಸಾಮಾನೇ ಎಂಜಿನ್ ತೆಗೆಯುವುದರಲ್ಲಿತ್ತು. ಈ ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಇದೊಂದಕ್ಕೇ.

ಜೆಸಿಬಿ ಹೋಸ್ ಪ್ರೆಸ್ ಮಾಡುವ ಅಂಗಡಿಯಲ್ಲಿ ಸ್ಟೀಲ್ ಜಾಲರಿ ಇರುವ ಒಂದೂವರೆ ಅಡಿ ಹೋಸ್, ಎರಡೂ ತುದಿಗೆ ಫಿಟ್ಟಿಂಗ್ ಸಮೇತ ಮಾಡಿಸಿದೆ. 780 ರೂಪಾಯಿ. ಬ್ಲಾಕಿನಲ್ಲಿ ಈಗ ಒಂದು ಗಿಡ್ಡ ಸ್ಟೀಲ್ ತುಂಡು ಮಾತ್ರ. ಟಿ, ಸೆಂಡರ್, ಸ್ವಿಚ್ ಮೂರೂ ಗಾಡಿಯ ಮೈಗೆ ಬೋಲ್ಟ್ ಮಾಡಿದ ಪಟ್ಟಿಯ ಮೇಲೆ. ಅಲ್ಲಿಗೂ ಬೇರೆ ಅರ್ಥ್ ವೈರ್, ಈ ಸಲ ಮರೆಯಲಿಲ್ಲ.

ಈಗ ನನ್ನ ಗಾಡಿಯ ಲೆಕ್ಕ

ಆರ್‌ಪಿಎಂ ಮೀಟರ್ ಇಲ್ಲ, ಹಾಗಾಗಿ ಸ್ಪೀಡಿನ ಲೆಕ್ಕದಲ್ಲಿ ಹೇಳುತ್ತೇನೆ. 20ಡಬ್ಲ್ಯು-40 ಆಯಿಲ್. ಬೆಳಿಗ್ಗೆ ತಣ್ಣಗೆ, ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ 60 ಪಿಎಸ್‌ಐ. ಮೊದಲ ದಿನ ಇದೇನು ಇಷ್ಟೊಂದು ಅಂತ ಗಾಬರಿಯಾಗಿತ್ತು, ತಣ್ಣನೆಯ ಆಯಿಲ್ ಗಟ್ಟಿ, ಅಷ್ಟೇ. ಬಿಸಿಯಾದ ಮೇಲೆ ಐದನೇ ಗೇರು, 60 ಕಿಮೀ ಸ್ಪೀಡಿನಲ್ಲಿ 44. ಬಿಸಿ ಐಡಲ್ 13. ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಇದ್ದರೆ ಸಾಕು ಅಂತ ಹಳೆ ಮೆಕ್ಯಾನಿಕ್‌ಗಳ ಒಂದು ಲೆಕ್ಕ ಇದೆ, ಅದಕ್ಕೆ ನನ್ನದು ಹೊಂದುತ್ತದೆ.

ನೀರು ಮೊದಲ ಐದಾರು ನಿಮಿಷ ಕೆಳಗೇ ಇರುತ್ತದೆ. ಆಮೇಲೆ ಥರ್ಮೋಸ್ಟಾಟ್ ತೆರೆದು ಸರಸರ ಏರುತ್ತದೆ. ಸೆಂಡರ್ ಮೇಲಿನ ಹೋಸಿನಲ್ಲಿರುವುದರಿಂದ ಹಾಗೆ. ಸಮತಟ್ಟು ರಸ್ತೆಯಲ್ಲಿ 86. ಲೋಡ್ ಹಾಕಿ ಚಾರ್ಮಾಡಿ ಹತ್ತಿದರೆ 96. ಮೇಲೆ ಬಂದು ಐಡಲ್‌ನಲ್ಲಿ ನಿಲ್ಲಿಸಿದರೆ ಇನ್ನೆರಡು ಡಿಗ್ರಿ ಏರಿ, ಆಮೇಲೆ ಇಳಿಯುತ್ತದೆ. 100 ಕಂಡರೆ ಕುದಿಯಿತು ಅಂತಲ್ಲ. 0.9 ಬಾರ್‌ನ ಕ್ಯಾಪ್ ಸರಿಯಾಗಿದ್ದರೆ ಬರೀ ನೀರೇ 118ರ ಹತ್ತಿರ ಕುದಿಯುವುದು, ಕೂಲೆಂಟ್ ಬೆರೆಸಿದರೆ ಇನ್ನೂ ಮೇಲೆ. ಆದರೂ ನಾನು 105ಕ್ಕೆ ಪಕ್ಕಕ್ಕೆ ಹಾಕುತ್ತೇನೆ. ಏರಿನಲ್ಲಿ 80ಕ್ಕಿಂತ ಕೆಳಗೆ ಬಿದ್ದರೆ ಇನ್ನೂ ಬೇಗ ನಿಲ್ಲಿಸುತ್ತೇನೆ!

ಜನವರಿ 12 ಮತ್ತು 19. ಮೀಟರ್ ಹಿಡಿದುಕೊಟ್ಟದ್ದು

ಪ್ರತಿ ಭಾನುವಾರ ಬಿಸಿ ಐಡಲ್ ನಂಬರನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. 13, 13, 12, 10. ಜನವರಿ 12ಕ್ಕೆ 9. ಅಭ್ಯಾಸದಂತೆ ಮೊದಲು ಅರ್ಥ್ ನೋಡಿದೆ, ಸರಿ ಇತ್ತು. ಕೀ ಮಾತ್ರ ತಿರುಗಿಸಿದರೆ ಮುಳ್ಳು ಸೊನ್ನೆಯಲ್ಲೇ ಇತ್ತು. ಸಾಯ್ಬ್ರ ಗೇಜಿನಲ್ಲೂ 9.

ಬೇರಿಂಗ್ ಹೋಯಿತು, ಇನ್ನು ಐವತ್ತು ಸಾವಿರ ರೂಪಾಯಿ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಸಾಯ್ಬ್ರು ಡಿಪ್‌ಸ್ಟಿಕ್ ಎಳೆದು ಮೂಸಿದರು, ನನ್ನ ಮೂಗಿನ ಹತ್ತಿರವೂ ಹಿಡಿದರು. ಪೆಟ್ರೋಲ್ ವಾಸನೆ. ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ. "ಆಯಿಲ್ ಕಮ್ಮಿ ಆಗೋದು ಎಲ್ಲರಿಗೂ ಗೊತ್ತು, ಜಾಸ್ತಿ ಆದ್ರೆ ಯಾರೂ ನೋಡೋದಿಲ್ಲ ಮಾರಾಯ್ರೆ" ಅಂದರು. ಹೆಡ್ ಪಕ್ಕದ ಪೆಟ್ರೋಲ್ ಪಂಪಿನ ಡಯಾಫ್ರಮ್ ಸೀಳಿ, ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಆಯಿಲ್ಲಿಗೆ ಇಳಿಯುತ್ತಿತ್ತು. ತೆಳ್ಳಗಾದ ಆಯಿಲ್ಲಿಗೆ ಪ್ರೆಶರ್ ಎಲ್ಲಿಂದ? ಕೆಂಪು ದೀಪ ಇಷ್ಟು ದಿನದಲ್ಲಿ ಒಮ್ಮೆಯೂ ಹತ್ತಿರಲಿಲ್ಲ.

ಪಂಪ್ 1,150, ಆಯಿಲ್ ಮತ್ತು ಫಿಲ್ಟರ್ 1,480, ಕೂಲಿ 400. 19ಕ್ಕೆ ಮತ್ತೆ ನೋಡಿದೆ, ಬಿಸಿ ಐಡಲ್ 14. ಹೊಸ ಆಯಿಲ್ ಅಲ್ವಾ, ಒಂದು ಜಾಸ್ತಿಯೇ.

ಉಳಿದ ಕೆಲಸ ಒಂದೇ. ರಾತ್ರಿ ಮೀಟರಿನ ಬಲ್ಬ್ ಬೆಳಕು ಗ್ಲಾಸಿಗೆ ಹೊಡೆದು ಎದುರಿನ ರಸ್ತೆ ಕಾಣುವುದಿಲ್ಲ. ಸದ್ಯಕ್ಕೆ ಮೇಲೊಂದು ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ.